ಹಕಾರವೂ ರೇಫೆಯೂ: ನಮ್ಮ ಊರ ಹೆಸರುಗಳಲ್ಲಿ ಇಂಗ್ಲಿಷರ ನಾಲಗೆ

ಇಂಗ್ಲಿಷ್ ಭಾಷೆಗೆ ಶುದ್ಧವಾದ ಉಚ್ಚಾರಣೆಯೊಂದೇ ಉಂಟೆಂದೂ, ಅದು ಲಂಡನ್ ನಗರದಲ್ಲಿ ಹುಟ್ಟಿ ಮದರಾಸು ಬೆಂಗಳೂರುಗಳ ಮಾರ್ಗವಾಗಿ ನಮ್ಮ ಸೀಮೆಗೆ ಬರುತ್ತ ಬರುತ್ತ ಕೆಟ್ಟುಹೋಯಿತೆಂದೂ ನಮ್ಮ ವಿದ್ಯಾವಂತರ ಮನೆಗಳಲ್ಲಿ ಬಹುಕಾಲದಿಂದ ಒಂದು ನಂಬಿಕೆ ನೆಲೆನಿಂತಿದೆ. ಹೊಸದುರ್ಗದ ಕಡೆಯ ಹುಡುಗನು ಬೆಂಗಳೂರಿಗೆ ಹೋಗಿ ನಾಲ್ಕು ಮಾತು ಇಂಗ್ಲಿಷ್ ಆಡಿದನೆಂದರೆ, ಅವನು ರೇಫೆಯನ್ನು ಉರುಳಿಸುವ ಬಗೆಯನ್ನೂ ಟಕಾರವನ್ನು ಒತ್ತುವ ಬಗೆಯನ್ನೂ ಕೇಳಿ ಅಲ್ಲಿನವರು ಮುಗುಳುನಗೆ ನಗುವರು. ಹುಡುಗನು ಮೊದಲು ತನ್ನ ಇಂಗ್ಲಿಷಿಗೆ ನಾಚುವನು. ವರ್ಷವೆರಡು ಕಳೆಯುವುದರೊಳಗಾಗಿ ಮನೆಗೆ ಬಂದಾಗ ತಾಯಿಯ ಕನ್ನಡಕ್ಕೂ ನಾಚತೊಡಗುವನು. ಈ ಎರಡನೆಯ ನಾಚಿಕೆಯು ಮೊದಲನೆಯದಕ್ಕಿಂತ ಕೆಟ್ಟದ್ದು. ಅದಕ್ಕೆ ಆಧಾರವೆಷ್ಟಿದೆಯೆಂಬುದನ್ನು ಚರಿತ್ರೆಯ ಕಡೆಯಿಂದ ನೋಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲಾಗಿ ಇಂಗ್ಲೆಂಡಿನ ಸಂಗತಿಯನ್ನೇ ತೆಗೆದುಕೊಳ್ಳೋಣ. ನಮ್ಮ ಟಿಪ್ಪು ಸುಲ್ತಾನನು ಬದುಕಿದ್ದ ಕಾಲದಲ್ಲಿಯೇ, ಎಂದರೆ 1791ರಲ್ಲಿ, ಜಾನ್ ವಾಕರ್ ಎಂಬವನು ಇಂಗ್ಲಿಷಿಗೆ ಒಂದು ಉಚ್ಚಾರಣಕೋಶವನ್ನು ಪ್ರಕಟಿಸಿದನು. ಆತನು ನಾಟಕರಂಗದಲ್ಲಿದ್ದು ಬಳಿಕ ವಾಚನಕಲೆಯನ್ನು ಕಲಿಸುವ ಉಪಾಧ್ಯಾಯನಾದವನು. ಆ ಕೋಶದ ಮೊದಲಲ್ಲಿ ಸ್ಕಾಟ್ಲೆಂಡಿನವರಿಗೆ ಬೇರೆ, ಐರ್ಲೆಂಡಿನವರಿಗೆ ಬೇರೆ, ಲಂಡನಿನವರಿಗೇ ಬೇರೆಯೆಂದು ತಿದ್ದುಪಡಿಯ ನಿಯಮಗಳನ್ನು ಕೊಟ್ಟಿದ್ದಾನೆ. ರಾಜಧಾನಿಯವರ ನಾಲಗೆಗೂ ಮದ್ದು ಬೇಕಾಗಿದ್ದಿತೆಂಬುದನ್ನು ವಾಚಕರು ಗಮನಿಸಬೇಕು. ಸ್ವರದ ಮುಂದೆ ಬರುವ ರೇಫೆಯನ್ನು ಲಂಡನಿನ ಜನರು ಗಂಟಲಿನೊಳಗೆ ನುಂಗಿ ಅದಕ್ಕೆ ಬದಲಾಗಿ ಸ್ವರವನ್ನೇ ಎಳೆಯುವರೆಂದು ಅವನು ಬರೆದನು. ಇಂದು ಅತ್ಯಂತ ಸಭ್ಯವೆಂದು ಎಣಿಸಲ್ಪಡುವ ‘ಕಾ’, ‘ಫಾದ’ ಮೊದಲಾದ ರೇಫೆಯಿಲ್ಲದ ಉಚ್ಚಾರಣೆಗಳು ಆಗ ರಾಜಧಾನಿಯ ಒಂದು ಹೊಸ ಚಾಳಿಯಾಗಿದ್ದುವು. ಸ್ಕಾಟ್ಲೆಂಡ್, ಐರ್ಲೆಂಡ್, ಡೆವನ್ ಮತ್ತು ಸಾಮರ್ಸೆಟ್ ಸೀಮೆಗಳವರು ರೇಫೆಯನ್ನು ಬಿಡದೆ ನುಡಿಯುತ್ತಿದ್ದರು. ನಾರ್ತಂಬರ್ಲೆಂಡಿನವರ ರೇಫೆಯು ಕಿರುನಾಲಗೆಯಲ್ಲಿ ಗರಗರನೆ ಹೊರಡುತ್ತಿದ್ದುದರಿಂದ ಪ್ರವಾಸಿಗಳಿಗೆ ಅದೊಂದು ವಿನೋದವಾಗಿತ್ತು. ಆದುದರಿಂದ ಹೊಸದುರ್ಗದ ಹುಡುಗನು ‘ಕಾರು’ ಎಂದು ಸ್ಪಷ್ಟವಾಗಿ ರೇಫೆಯಿಟ್ಟು ನುಡಿದನಾದರೆ, ಅವನು ತಪ್ಪಿದುದು ಇಂಗ್ಲಿಷ್ ಭಾಷೆಗಲ್ಲ, ಲಂಡನಿನ ಒಂದು ಕಾಲದ ಚಾಳಿಗೆ.

ಸ್ವರಗಳ ವಿಷಯದಲ್ಲಿಯೂ ಹೀಗೆಯೇ. ದಕ್ಷಿಣ ಇಂಗ್ಲೆಂಡಿನವರು ‘ಕಪ್’, ‘ಬಸ್’ ಎಂದು ನುಡಿಯುವಲ್ಲಿ ಯಾರ್ಕ್‌ಶೈರ್ ಲಂಕಾಶೈರುಗಳ ಜನರು ‘ಕುಪ್’, ‘ಬುಸ್’ ಎನ್ನುವರು. ಹಳೆಯ ಉಚ್ಚಾರಣೆಯು ಉತ್ತರದವರದೇ, ಬದಲಾಯಿಸಿಕೊಂಡವರು ದಕ್ಷಿಣದವರು. ಲಂಕಾಶೈರಿನ ಹಳಬರು ಪುಸ್ತಕವನ್ನು ‘ಬೂಕ್’ ಎಂದು ದೀರ್ಘವಾಗಿಯೇ ಕರೆಯುವರು. ನಮಗೆ ಇಂಗ್ಲಿಷ್ ಅಲ್ಲಿಂದ ಬಂದಿದ್ದರೆ ನಮ್ಮ ಮಕ್ಕಳು ಬೂಕುಗಳನ್ನು ಹೊತ್ತು ಬುಸ್ಸುಗಳನ್ನು ಹತ್ತುತ್ತಿದ್ದರು. ಹಾವಾಡಿಗನ ಬುಟ್ಟಿಯ ನೆನಪಾಗುವುದೆಂಬುದೊಂದನ್ನು ಬಿಟ್ಟರೆ ಅದರಲ್ಲಿ ಕೇಡೇನೂ ಇಲ್ಲ.

ಈಗ ನಮ್ಮ ಸೀಮೆಗೆ ಬಂದ ಇಂಗ್ಲಿಷರು ಯಾರೆಂಬುದನ್ನು ನೋಡೋಣ. ‘ಇಂಗ್ಲಿಷರು’ ಎಂದು ನಾವು ಒಟ್ಟಾಗಿ ಕರೆದರೂ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ಮೈಸೂರು ದೇಶದ ಕಾಗದಪತ್ರಗಳಿಗೆ ಕೈಹಾಕಿದವರಲ್ಲಿ ಲಂಡನಿನವರು ವಿರಳ. ಮೈಸೂರಿನ ಏರ್ಪಾಡಿಗಾಗಿ ನೇಮಕವಾದ ಮಂಡಲಿಗೆ ಕಾರ್ಯದರ್ಶಿಗಳಾಗಿದ್ದ ಥಾಮಸ್ ಮನ್ರೋ ಮತ್ತು ಜಾನ್ ಮಾಲ್ಕಮ್ ಇಬ್ಬರೂ ಸ್ಕಾಟ್ಲೆಂಡಿನವರು. ಮೊದಲನೆಯ ರೆಸಿಡೆಂಟನಾದ ಬ್ಯಾರಿ ಕ್ಲೋಸ್ ಐರ್ಲೆಂಡಿನವನು. ದೇಶವನ್ನು ಅಳೆದು ಪಟಗಳನ್ನು ಬರೆಯಿಸಿದ ಕಾಲಿನ್ ಮೆಕೆಂಜಿಯು ಸ್ಕಾಟ್ಲೆಂಡಿನ ವಾಯವ್ಯಕ್ಕೆ ಕಡಲಿನಲ್ಲಿರುವ ಲೂಯಿಸ್ ದ್ವೀಪದವನು. ಅಲ್ಲಿನ ಜನರ ಮನೆಮಾತು ಇಂಗ್ಲಿಷೇ ಅಲ್ಲ, ಗೇಲಿಕ್. ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸನೂ, ಅವನ ಸೋದರಳಿಯನಾಗಿ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನನೂ ಐರಿಷ್ ಸಮುದ್ರದ ನಡುವಣ ಮಾನ್ ದ್ವೀಪದವರು. ಅದಕ್ಕೂ ತನ್ನದೇ ಆದ ಒಂದು ಭಾಷೆಯಿದ್ದಿತು. ಕಬ್ಬನನ ತರುವಾಯ ಬಂದ ಬೌರಿಂಗನದು ಡೆವನ್ ಸೀಮೆಯ ಮನೆತನ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ನಮ್ಮವರಿಗೆ ಇಂಗ್ಲಿಷ್ ಕಲಿಸಿ ಪ್ರಿನ್ಸಿಪಾಲರಾಗಿದ್ದ ಜಾನ್ ಗಥ್ರಿ ಟೇಟ್ ಎಂಬವರು ಎಡಿನ್‌ಬರೊದ ಪ್ರಸಿದ್ಧ ವಿಜ್ಞಾನಿಯೊಬ್ಬರ ಮಗ. ದೊಡ್ಡ ಅಧಿಕಾರಿಗಳೆಲ್ಲರೂ ಹುಟ್ಟೂರಿನ ಧಾಟಿಯನ್ನು ಕಡೆಯವರೆಗೆ ಉಳಿಸಿಕೊಂಡಿದ್ದರೆಂದು ಹೇಳಲಾಗುವುದಿಲ್ಲ. ಸ್ಕಾಟರು ತಮ್ಮ ಧಾಟಿಗೆ ತಾವೇ ನಾಚಿ ತಿದ್ದಿಕೊಳ್ಳಲು ಪಾಡುಪಟ್ಟ ಕಾಲವದು. ತತ್ತ್ವಜ್ಞನಾದ ಡೇವಿಡ್ ಹ್ಯೂಮನಂಥವನು ಕೂಡ ತನ್ನ ಬರೆವಣಿಗೆಯಲ್ಲಿ ಸ್ಕಾಟ್ ನುಡಿಗಟ್ಟುಗಳು ನುಸುಳದಂತೆ ಪಟ್ಟಿಮಾಡಿಟ್ಟುಕೊಂಡಿದ್ದನು. ನಮ್ಮ ಹುಡುಗನ ನಾಚಿಕೆಯು ಹೊಸದಲ್ಲವೆಂದಾಯಿತು. ಅವನನ್ನು ಆಳಿದವರೇ ಅದನ್ನು ಮೊದಲು ಉಂಡವರು.

ಇಂಥವರ ಕಿವಿಗೆ ಬಿದ್ದು ಇಂಥವರ ಲೇಖನಿಯಿಂದ ಇಳಿದುವು ನಮ್ಮ ಊರುಗಳ ಹೆಸರುಗಳು. ಚಿತ್ರದುರ್ಗವನ್ನೇ ನೋಡಿ. ಹೊಯ್ಸಳರ ಕಾಲದ ಶಾಸನಗಳಲ್ಲಿ ಇದು ಬೆಮ್ಮತ್ತನಕಲ್ಲು. ಆಮೇಲೆ ಚಿತ್ರಕಲ್ಲು, ಚಿತ್ರಕಲ್‌ದುರ್ಗ, ಚಿತ್ರದುರ್ಗ. ಸುತ್ತಣ ಹಳ್ಳಿಗಳವರಿಗೆ ಬರಿಯ ದುರ್ಗ. ಇಂಗ್ಲಿಷ್ ಕಡತಗಳಲ್ಲಾದರೋ ಚಿಟ್ಟಲ್‌ಡ್ರೂಗ್, ಚಿತಲ್‌ಡ್ರೂಗ್, ಚಿತಲ್‌ಡ್ರಗ್ ಎಂದು ಒಂದರ ಮೇಲೊಂದು ರೂಪಗಳು ಹೊರಟು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನಡೆದುವು. ‘ಚಿತಲ್’ ಎಂಬುದರಲ್ಲಿರುವ ಲಕಾರವು ‘ಕಲ್ಲಿ’ನ ಕೊನೆಯ ಚೂರು, ರೇಫೆಯೂ ಕಕಾರವೂ ಸವೆದುಹೋಗಿ ಅದೊಂದು ಉಳಿಯಿತು. ಕಲ್ಲಿನ ಊರಿನಲ್ಲಿ ಕಲ್ಲೇ ಹೀಗೆ ಸವೆದದ್ದು ವಿಚಿತ್ರವೇ ಸರಿ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ ವೈದ್ಯನು 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲೆಯಾಳ, ಕೆನರಾ ದೇಶಗಳನ್ನು ಸುತ್ತಿ ನಗರದ ಮೇಲಿಂದ ನಮ್ಮ ಸೀಮೆಗೆ ಬಂದನು. ಆತನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಅವನು ಈ ಪಾಳೆಯಪಟ್ಟನ್ನು ‘ಚತ್ರಕಲ್’ ಎಂದು ಬರೆದಿರುವನು. ಮೊದಲ ಸ್ವರವು ಕೆಟ್ಟಿದ್ದರೂ ರೇಫೆ, ಕಕಾರ, ಲಕಾರಗಳೆಲ್ಲವೂ ತಮ್ಮ ತಮ್ಮ ಸ್ಥಾನಗಳಲ್ಲಿವೆ. ಕಚೇರಿಗಳವರು ಆತನ ಬರೆಹವನ್ನು ಅನುಸರಿಸಿದ್ದರೆ ಒಂದೂವರೆ ಶತಮಾನದ ಅಪಭ್ರಂಶವು ತಪ್ಪುತ್ತಿತ್ತು.

‘ಡ್ರೂಗ್’ ಎಂಬುದರಲ್ಲಿ ಎರಡು ಸಂಗತಿಗಳಿವೆ. ಅದರಲ್ಲಿ ಓ ಎಂಬ ಅಕ್ಷರವನ್ನು ಎರಡು ಸಲ ಬರೆದು ಉಕಾರವನ್ನು ಸೂಚಿಸುವ ಪದ್ಧತಿಯು ಕಂಪೆನಿಯ ಕಾಲದಲ್ಲಿ ಹಬ್ಬಿದುದು. ಅದನ್ನು ಹಿಂದೂಸ್ಥಾನೀ ಭಾಷೆಯ ಪುಸ್ತಕಗಳಲ್ಲಿ ನಿಯಮವಾಗಿ ಬಳಸಿದವನು ಎಡಿನ್‌ಬರೊದ ಜಾನ್ ಗಿಲ್‌ಕ್ರಿಸ್ಟ್. ಅವನ ಪದ್ಧತಿಯಲ್ಲಿ ಹ್ರಸ್ವ ಅಕಾರಕ್ಕೆ ಯು ಎಂಬ ಅಕ್ಷರ. ನಂದಿದುರ್ಗವು ‘ನುಂಡಿಡ್ರೂಗ್’ ಎಂಬಂತೆ ಕಾಣುವ ಬರೆಹವಾದುದು ಈ ಬಗೆಯಿಂದ. ಅದನ್ನು ದಕ್ಷಿಣ ಇಂಗ್ಲೆಂಡಿನವನು ಓದಿದರೆ ನಂದಿಗೆ ಸಮೀಪವಾಗಿಯೇ ಕೇಳುವುದು. ‘ಕಪ್’ ಎಂಬುದನ್ನು ‘ಕುಪ್’ ಎನ್ನುವ ಯಾರ್ಕ್‌ಶೈರಿನವನು ಓದಿದರೆ ನುಂದಿಯೇ ಆಗುವುದು. ಒಂದೇ ಬರೆಹವು ಒಂದೇ ದೇಶದ ಎರಡು ಸೀಮೆಗಳಲ್ಲಿ ಎರಡು ಬೆಟ್ಟಗಳಾದ ಹಾಗಾಯಿತು! ಇದಕ್ಕೆ ಎದುರಾಗಿ ವಿಲಿಯಂ ಜೋನ್ಸನು 1788ರಲ್ಲಿಯೇ ಒಂದು ಸ್ವರಕ್ಕೆ ಒಂದೇ ಅಕ್ಷರವೆಂಬ ಕ್ರಮವನ್ನು ಸೂಚಿಸಿದ್ದನು. ಅದು ಸರಕಾರದ ಗೆಜೆಟಿಯರುಗಳಿಗೆ ಇಳಿದುದು 1870ರ ದಶಕದಲ್ಲಿ, ಹಂಟರನ ಕೈಯಿಂದ. ಆದರೂ ರೂಢಿಯಲ್ಲಿ ಗಟ್ಟಿಯಾಗಿ ಕುಳಿತ ಹೆಸರುಗಳು ಅಲುಗಲಿಲ್ಲ. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿ ಕನ್ನಡವನ್ನು ಬಾಲ್ಯದಿಂದಲೇ ಕೇಳಿ ಬೆಳೆದ ರೈಸ್ ಸಾಹೇಬರು ಅಕ್ಷರಗಳ ಮೇಲೆ ಗುರುತುಗಳನ್ನು ಹಾಕಿ ಕನ್ನಡದ ದೀರ್ಘಗಳನ್ನು ಉಳಿಸಿದ ವಿದ್ವಾಂಸರು. ಅವರ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟವು ನಮ್ಮ ಜಿಲ್ಲೆಯ ಶಾಸನಗಳದು. ಒಳಗೆ ಶಾಸನಗಳ ಕನ್ನಡವು ಅಕ್ಷರ ತಪ್ಪದೆ ಅಚ್ಚಾಗಿದ್ದರೂ ಮುಖಪುಟದಲ್ಲಿ ಜಿಲ್ಲೆಯ ಹೆಸರು ಮಾತ್ರ ‘ಚಿತಲ್‌ಡ್ರೂಗ್’ ಎಂದೇ ಉಳಿಯಿತು.

ಎರಡನೆಯ ಸಂಗತಿಯು ರೇಫೆಯ ಜಿಗಿತ. ದುರ್ಗದಲ್ಲಿ ಉಕಾರದ ಮುಂದಿದ್ದ ರೇಫೆಯು ಡ್ರೂಗಿನಲ್ಲಿ ಅದರ ಹಿಂದಕ್ಕೆ ಹಾರಿದೆ. ಇದನ್ನು ಅಜ್ಞಾನವೆಂದು ಹಳಿಯುವ ಮೊದಲು ಇಂಗ್ಲಿಷಿನ ಹಳೆಯ ಗುಣವೊಂದನ್ನು ಅರಿಯುವುದು ಒಳ್ಳೆಯದು. ಹಕ್ಕಿಗೆ ಅವರ ಹಳೆಯ ಮಾತು ‘ಬ್ರಿಡ್’, ಈಗ ‘ಬರ್ಡ್’. ಮೂರನೆಯದಕ್ಕೆ ಹಿಂದೆ ‘ಥ್ರಿಡ್’ ಎಂಬಂತಿದ್ದುದು ಈಗ ‘ಥರ್ಡ್’. ಕುದುರೆಯು ‘ಹ್ರೊಸ್’ ಆಗಿದ್ದು ‘ಹಾರ್ಸ್’ ಆಯಿತು. ಸೀಮೆಯಿಂದ ಸೀಮೆಗೆ ಈ ಜಿಗಿತವು ಹೆಚ್ಚುಕಡಿಮೆಯಾಗಿ ನಡೆದಿದೆ. ಆ ನಾಲಗೆಗೆ ಸಹಜವಾದ ನೆಗೆತವನ್ನೇ ಅದು ನಮ್ಮ ದುರ್ಗದ ಮೇಲೆಯೂ ಮಾಡಿತು. ನಮ್ಮ ಜನರಾದರೋ ರೇಫೆಯನ್ನು ಜಿಗಿಸುವವರಲ್ಲ, ಜೀರ್ಣಿಸಿಕೊಳ್ಳುವವರು. ದುರ್ಗಮ್ಮನು ದುಗ್ಗಮ್ಮನಾದಳು, ದಾವಣಗೆರೆಯ ದುಗ್ಗಮ್ಮನ ಜಾತ್ರೆಯನ್ನು ಅರಿಯದವರು ಯಾರು? ಪ್ರಾಕೃತದವರು ಎರಡು ಸಾವಿರ ವರ್ಷಗಳ ಹಿಂದೆ ಹಿಡಿದ ದಾರಿಯೂ ಇದೇ.

ಇನ್ನು ಹಕಾರಕ್ಕೆ ಬರೋಣ. ನನ್ನ ಮಟ್ಟಿಗೆ ಈ ವಿಷಯದಲ್ಲೆಲ್ಲ ಅತ್ಯಂತ ರಸವತ್ತಾದ ಭಾಗವಿದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಮ್ಮ ಮೂರು ತಾಲ್ಲೂಕುಗಳ ಹೆಸರುಗಳೂ ಹಕಾರದಿಂದ ಮೊದಲಾಗುವುವು. ಈ ಮೂರು ಹಕಾರಗಳಲ್ಲಿ ಒಂದೂ ಮೂಲದ್ದಲ್ಲ. ಹಿರಿಯ ಎಂಬುದು ಹಳಗನ್ನಡದಲ್ಲಿ ಪಿರಿಯ. ಹೊಸ ಎಂಬುದು ಪೊಸ. ಪಟ್ಟಣವೆಂಬ ಅರ್ಥದ ಹೊಳಲು ಪೊೞಲ್. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡದ ಮೊದಲ ಪಕಾರವು ಹಕಾರವಾಗಿ ಕರಗುತ್ತ ಬಂದು ನಾಲ್ಕು ಶತಮಾನಗಳಲ್ಲಿ ಆ ಕೆಲಸವು ಮುಗಿಯಿತು. ಹೊಸದುರ್ಗದ ಕೋಟೆಯು ನಾಯಕರ ಕಾಲದ್ದಾದುದರಿಂದ ಆ ಊರನ್ನು ಪೊಸದುರ್ಗವೆಂದು ಕರೆದವರಿರಲಾರರು. ಆದರೆ ಅದರೊಳಗಿನ ಮಾತಿನ ವಂಶವು ಇದೇ. ಅಷ್ಟಕ್ಕೇ ಈ ಕಥೆ ನಿಲ್ಲಲಿಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆ ಹಕಾರವೂ ಬಿದ್ದುಹೋಗಿ ಹಳ್ಳಿಯು ಅಳ್ಳಿ, ಹೊಲವು ಒಲ, ಹಿರಿಯೂರು ಇರಿಯೂರು. ನಮ್ಮ ಜಿಲ್ಲೆಯ ಒಂದೇ ಬೀದಿಯಲ್ಲಿ ತೆಲುಗು ಮನೆಮಾತಿನವರು ‘ಪಾಲು’ ಎನ್ನುವರು, ಓದಿದ ಕನ್ನಡಿಗರು ‘ಹಾಲು’ ಎನ್ನುವರು, ಹೊಲದ ಕಡೆಯಿಂದ ಬಂದವನು ‘ಆಲು’ ಎನ್ನುವನು. ಸಾವಿರ ವರ್ಷಗಳ ಭಾಷಾಚರಿತ್ರೆಯು ಒಂದೇ ಬೆಳಗಿನಲ್ಲಿ ಮೂರು ಬಾಗಿಲುಗಳ ಮುಂದೆ ನಿಂತು ಹಾಲು ಕೊಳ್ಳುವುದು! ಇವುಗಳಲ್ಲಿ ಮೂರನೆಯದನ್ನು ಮಾತ್ರ ನಾವು ಅಶುದ್ಧವೆನ್ನುತ್ತೇವೆ. ಪಂಪನು ಎದ್ದುಬಂದರೆ ನಮ್ಮ ‘ಹಾಲ’ನ್ನೂ ಆತನು ಅದೇ ಪಂಕ್ತಿಯಲ್ಲಿ ಕೂರಿಸುವನು.

ಇಂಗ್ಲೆಂಡಿನಲ್ಲಿ ಹಕಾರದ ವೃತ್ತಾಂತವು ಇದಕ್ಕೆ ತೀರ ಸಮೀಪವಾದುದು. ಲಂಡನಿನ ಪೂರ್ವಭಾಗದ ಕಾಕ್ನಿ ಜನರೂ ಇಂಗ್ಲೆಂಡಿನ ಬಹುಭಾಗದ ಹಳ್ಳಿಗರೂ ‘ಹೌಸ್’ ಎಂಬುದನ್ನು ‘ಔಸ್’ ಎನ್ನುವರು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಹಕಾರವನ್ನು ಬಿಡುವುದು ಕೀಳ್ತನದ ಗುರುತಾಯಿತು. ಒಡನೆಯೇ ಭಯಪಟ್ಟ ಜನರು ಇಲ್ಲದೆಡೆಗಳಲ್ಲಿ ಹಕಾರವನ್ನು ಸೇರಿಸತೊಡಗಿದರು; ಅಲ್ಲಿನ ವಿನೋದಪತ್ರಿಕೆಗಳಿಗೆ ಒಂದು ಶತಮಾನದ ಕೂಳು ಇದರಿಂದ ಹುಟ್ಟಿತು. ನಮ್ಮಲ್ಲಿಯೂ ‘ಅಕ್ಕಿ’ಗೆ ‘ಹಕ್ಕಿ’ ಎಂದೂ, ‘ಹಕ್ಕಿ’ಗೆ ‘ಅಕ್ಕಿ’ ಎಂದೂ ಹೇಳುವವರನ್ನು ನಾಟಕಗಳಲ್ಲಿ ತಂದು ನಗಿಸುವುದುಂಟು. ಎರಡು ದೇಶಗಳ ನಗೆಯೂ ಒಂದೇ ಬಗೆಯದು. ಓದಿದವನು ಓದದವನನ್ನು ನೋಡಿ ನಕ್ಕ ನಗೆ. ಸ್ಕಾಟರೂ ಐರಿಷರೂ ಮಾತ್ರ ಹಕಾರವನ್ನು ಬಿಡುವವರಲ್ಲ. ಐರಿಷರಲ್ಲಂತೂ ಬಹುಜನರು ಆ ಅಕ್ಷರದ ಹೆಸರನ್ನೇ ‘ಹೇಚ್’ ಎನ್ನುವರು. ನಮ್ಮಲ್ಲಿ ‘ಎಚ್’ ಎನ್ನುವವರಿಗಿಂತ ‘ಹೆಚ್’ ಎನ್ನುವವರೇ ಹೆಚ್ಚು. ಹೆಸರಿನ ಮೊದಲಕ್ಷರವನ್ನೂ ‘ಹೆಚ್.’ ಎಂದೇ ಬರೆಯುವರು. ಇದು ಐರಿಷ್ ಪಾದ್ರಿಗಳ ಶಾಲೆಗಳಿಂದ ಬಂದುದೆಂದು ಹೇಳುವವರುಂಟು. ನನಗಾದರೋ ಅಷ್ಟು ದೂರ ಹೋಗಬೇಕಾಗಿಲ್ಲವೆಂದು ತೋರುವುದು. ಅಕ್ಷರದ ಹೆಸರಿನಲ್ಲಿ ಅಕ್ಷರದ ಧ್ವನಿ ಇರಬೇಕೆಂಬುದು ‘ಕ ಖ ಗ ಘ’ ಕಲಿತವನ ಸಹಜ ನ್ಯಾಯ. ಹಕಾರದ ಹೆಸರಿನಲ್ಲಿ ಹಕಾರವೇ ಇಲ್ಲವೆಂದರೆ ನಮ್ಮ ಮಕ್ಕಳು ಹೇಗೆ ಒಪ್ಪಾರು? ಹೊಟೇಲನ್ನು ‘ಓಟ್ಲು’ ಮಾಡಿದ ನಾಲಗೆಯೇ ಎಚ್ಚಿಗೆ ಹಕಾರವನ್ನು ಕೊಟ್ಟಿತೆಂಬುದನ್ನು ಮರೆಯಬಾರದು. ತೆಗೆದುದನ್ನು ಇನ್ನೊಂದೆಡೆಯಲ್ಲಿ ತೀರಿಸಿದ ಹಾಗಾಯಿತು.

ಬುಕಾನನನು ಹಿರಿಯೂರನ್ನು ‘ಹೆರಿಊರು’ ಎಂದು ಬರೆದಿದ್ದಾನೆ. ಸ್ಕಾಟರ ಬಾಯಲ್ಲಿ ಹ್ರಸ್ವ ಇಕಾರವು ಎಕಾರದ ಕಡೆಗೆ ಜಾರುವುದು ಪ್ರಸಿದ್ಧ. ಆದರೆ ಹೆಬ್ಬಾಗಿಲು, ಹೆದ್ದಾರಿ, ಹೆಮ್ಮರ ಎಂಬಲ್ಲಿ ನಾವೂ ‘ಹಿರಿ’ಯನ್ನು ‘ಹೆ’ ಮಾಡಿಕೊಂಡಿದ್ದೇವೆ. ಆದುದರಿಂದ ಆ ಎಕಾರದ ಹೊಣೆಯನ್ನು ವೈದ್ಯನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ನೋಡಬೇಕಾದುದು ಕೊನೆಯ ಉಕಾರವನ್ನು. ಅವನು ಅದನ್ನು ಕೇಳಿದನು, ಕೇಳಿದಂತೆಯೇ ಬರೆದನು. ಕಚೇರಿಗಳವರು ಅದನ್ನು ಕತ್ತರಿಸಿದರು.

ಇಂಗ್ಲಿಷರು ನಮ್ಮ ಮಾತುಗಳ ಬಾಲವನ್ನು ಕತ್ತರಿಸಿದರೆ ನಾವು ಅವರ ಮಾತುಗಳಿಗೆ ಬಾಲವನ್ನು ಜೋಡಿಸಿದೆವು. ಕಾರು, ರೈಲು, ಬಸ್ಸು, ಬುಕ್ಕು, ಪೆನ್ನು. ಇದನ್ನು ಹಳ್ಳಿಯ ಒಡ್ಡತನವೆಂದು ತಿಳಿದವರು ಸ್ವಲ್ಪ ನಿಂತು ನೋಡಬೇಕು. ಕಾರು, ರೈಲು ಎಂಬಲ್ಲಿ ವ್ಯಂಜನವು ಒಂಟಿ. ಬಸ್ಸು, ಬುಕ್ಕು, ಪೆನ್ನು ಎಂಬಲ್ಲಿ ಜೋಡಿ. ಏಕೆ? ಹಳಗನ್ನಡದ ‘ಪಾಲ್’ ನಡುಗನ್ನಡಕ್ಕೆ ಬರುವಾಗ ‘ಹಾಲು’ ಆಯಿತು, ‘ಕಲ್’ ಎಂಬುದು ‘ಕಲ್ಲು’ ಆಯಿತು. ದೀರ್ಘದ ಮೇಲೆ ಒಂಟಿ, ಒಂದೇ ಹ್ರಸ್ವದ ಮೇಲೆ ಜೋಡಿ. ಹೊಳಲ್ಕೆರೆಯ ಗಾಡಿಯವನು ಮೊದಲ ಸಲ ಬಸ್ ಎಂಬುದನ್ನು ಕೇಳಿ ‘ಬಸ್ಸು’ ಎಂದಾಗ, ಯಾವ ವ್ಯಾಕರಣವನ್ನೂ ಓದದೆ, ಕಲ್ಲನ್ನು ಕಲ್ಲು ಮಾಡಿದ ನಿಯಮವನ್ನೇ ನಡೆಸಿದನು. ಫಕಾರವು ನಮ್ಮಲ್ಲಿಲ್ಲದುದರಿಂದ ಆಫೀಸು ಆಪೀಸಾಯಿತು, ಕಾಫಿ ಕಾಪಿಯಾಯಿತು. ಅವರ ಟಕಾರವು ಹಲ್ಲಿಗೂ ಮೂರ್ಧಕ್ಕೂ ನಡುವೆ ಹುಟ್ಟುವುದು. ನಮಗೆ ಆ ನಡುವಣ ಮನೆಯಿಲ್ಲ, ಆದುದರಿಂದ ಮೂರ್ಧಕ್ಕೆ ಸೇರಿಸಿದೆವು. ನಮ್ಮ ಣಕಾರ ಳಕಾರಗಳಿಗೆ ಅವರಲ್ಲಿ ಮನೆಯಿಲ್ಲ. ಮಾರಿಕಣಿವೆಯು ಅವರ ಕಡತಗಳಲ್ಲಿ ‘ಮಾರಿಕನವೆ’, ಹೊಳಲ್ಕೆರೆಯು ‘ಹೊಲಲ್ಕೆರೆ’. ಲೆಕ್ಕವು ಎರಡು ಕಡೆಗೂ ಸಮವಾಗಿದೆ. ಪೊೞಲಿನ ೞಕಾರವನ್ನು ಇಂಗ್ಲಿಷರು ಬರುವುದಕ್ಕೆ ಬಹಳ ಮೊದಲೇ ನಾವೇ ಕಳೆದುಕೊಂಡಿದ್ದೆವೆಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಒಂದು ಮಾತಿನ ಕಥೆಯನ್ನು ಬೇರೆಯಾಗಿ ಹೇಳದೆ ಇರಲಾರೆ. ತುಂಗಭದ್ರೆಯ ಆಚೆ ಶಾಲೆಯ ಉಪಾಧ್ಯಾಯನು ‘ಮಾಸ್ತರ’, ಈಚೆ ‘ಮೇಷ್ಟ್ರು’. ‘ಮಾಸ್ಟರ್’ ಎಂಬುದರಲ್ಲಿ ಏಕಾರವೆಲ್ಲಿಂದ ಬಂತು? ಸ್ಕಾಟರ ನುಡಿಯಲ್ಲಿ ಆ ಮಾತು ‘ಮೇಸ್ಟರ್’ ಎಂದೇ ಇರುವುದು. ಕೇಳಿದೊಡನೆ ನಮ್ಮ ಮೇಷ್ಟ್ರ ಅಣ್ಣನಂತೆ ತೋರುವುದು. ಸ್ಕಾಟರ ಅಧಿಕಾರವು ಇಷ್ಟಾಗಿ ನಡೆದ ದೇಶದಲ್ಲಿ ಇಲ್ಲಿಂದಲೇ ಬಂದಿತೆಂದುಬಿಡುವ ಆಸೆ ಯಾರಿಗೂ ಆದೀತು. ಆದರೆ ಪೋರ್ಚುಗೀಸರ ‘ಮೆಸ್ತ್ರೆ’ಯಿಂದ ಬಂದ ‘ಮೇಸ್ತ್ರಿ’ ಎಂಬ ಮಾತು ಗಾರೆಯವರಲ್ಲಿಯೂ ಬಡಗಿಗಳಲ್ಲಿಯೂ ಬೇರೂರಿದುದು. ಆ ಏಕಾರದ ಅಚ್ಚಿನಲ್ಲಿ ಇಂಗ್ಲಿಷಿನ ಮಾಸ್ಟರು ಎರಕಗೊಂಡಿರುವುದೇ ಹೆಚ್ಚು ಸಂಭವವೆಂದು ನನ್ನ ಅಭಿಪ್ರಾಯ. ಮನೆ ಕಟ್ಟುವವನಿಗೂ ಮಕ್ಕಳನ್ನು ತಿದ್ದುವವನಿಗೂ ಒಂದೇ ಅಚ್ಚಾದರೆ ಯಾರಿಗೆ ಅವಮಾನ?

ಹಾಗಾದರೆ ಶುದ್ಧ ಇಂಗ್ಲಿಷ್ ಎಂಬುದು ಹುಟ್ಟಿದುದು ಯಾವಾಗ? ಇಂಗ್ಲೆಂಡಿನ ಶ್ರೀಮಂತರು ಮಕ್ಕಳನ್ನು ಕಳುಹಿಸುವ ವಸತಿಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸೀಮೆಯ ಗುರುತಿಲ್ಲದ ಒಂದು ಧಾಟಿ ಬೆಳೆಯಿತು. ಲಂಡನ್ ವಿಶ್ವವಿದ್ಯಾಲಯದ ಡೇನಿಯಲ್ ಜೋನ್ಸನು 1917ರಲ್ಲಿ ಅದನ್ನು ಒಂದು ಕೋಶವಾಗಿ ಬರೆದಿಟ್ಟನು. ಹೀಗೆಯೇ ನುಡಿಯಬೇಕೆಂದು ಅವನು ವಿಧಿಸಲಿಲ್ಲ. ಇಂಥ ಜನರು ಹೀಗೆ ನುಡಿಯುವರೆಂದಷ್ಟೇ ಹೇಳಿದನು. ವಿಧಿಯನ್ನಾಗಿ ಮಾಡಿಕೊಂಡವರು ದೂರದ ದೇಶಗಳ ನಾವು. ಬಿ.ಬಿ.ಸಿ. ರೇಡಿಯೋದವರು ಆ ಧಾಟಿಯನ್ನೇ ಹಿಡಿದಿದ್ದು, ಯುದ್ಧಕಾಲದಲ್ಲಿ, 1941ರಲ್ಲಿ, ಯಾರ್ಕ್‌ಶೈರಿನ ವಿಲ್‌ಫ್ರೆಡ್ ಪಿಕಲ್ಸ್ ಎಂಬ ನಟನನ್ನು ವಾರ್ತೆ ಓದಲು ಕೂರಿಸಿದರು. ಅವನ ‘ಬುಸ್’ ಬಗೆಯ ಸ್ವರಗಳನ್ನು ಕೇಳಿದ ಜನರಲ್ಲಿ ಹಲವರು, ಇಂಥ ಬಾಯಿಂದ ಬಂದ ವಾರ್ತೆಯನ್ನು ನಂಬುವುದು ಹೇಗೆಂದು ಆಕ್ಷೇಪಿಸಿದರು. ವಾರ್ತೆ ಅದೇ, ಸೋಲುಗೆಲುವು ಅದೇ, ಬದಲಾದುದು ಸ್ವರವೊಂದೇ. 1950ರಿಂದ ಒಂದು ದಶಕಕ್ಕೂ ಮಿಕ್ಕು ಇಂಗ್ಲೆಂಡಿನ ಮುನ್ನೂರಕ್ಕೂ ಹೆಚ್ಚು ಸ್ಥಳಗಳಿಗೆ ಹೋಗಿ ವಿದ್ವಾಂಸರು ಹಳ್ಳಿಯ ಮುದುಕರ ಮಾತನ್ನು ಬರೆದುಕೊಂಡರು, ನಗುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೆ. ಬೆಂಗಳೂರಿನಲ್ಲಿಯಾದರೋ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕಾಲ್ ಸೆಂಟರುಗಳು ಎದ್ದಾಗ, ನಮ್ಮ ಜಿಲ್ಲೆಗಳ ಹುಡುಗರಿಗೆ ಊರಿನ ವಾಸನೆಯಿಲ್ಲದ ಇಂಗ್ಲಿಷನ್ನು ವಾರಗಟ್ಟಲೆ ಕಲಿಸಿದರು. ಜೀವನೋಪಾಯಕ್ಕಾಗಿ ಕಲಿತುದು ತಪ್ಪಲ್ಲ. ಅಂಗಿಯನ್ನು ಸಂದರ್ಭಕ್ಕೆ ತಕ್ಕಂತೆ ತೊಡುವುದುಂಟು. ಚರ್ಮವನ್ನೇ ಬದಲಿಸಬೇಕೆಂದು ಹೇಳಿದಾಗ ಮಾತ್ರ ಹುಡುಗನಿಗೆ ಡೇವಿಡ್ ಹ್ಯೂಮನ ಪಟ್ಟಿಯ ಕಥೆಯನ್ನು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಬರೆಹವನ್ನು ಸರಕಾರವು ತಿದ್ದಿ, ಬೆಂಗಳೂರು, ಮೈಸೂರು, ತುಮಕೂರುಗಳಿಗೆ ಅವುಗಳ ಕೊನೆಯ ಉಕಾರವ��್ನು ಹಿಂದಿರುಗಿಸಿತು. ಡ್ರೂಗನ್ನು ಅದಕ್ಕೆ ಬಹಳ ಮೊದಲೇ ಕಳೆದುಕೊಂಡಿದ್ದ ಚಿತ್ರದುರ್ಗಕ್ಕೆ ಆ ಪಟ್ಟಿಯ ಅಗತ್ಯವಿರಲಿಲ್ಲ. ಕಾಸರಗೋಡಿನ ಕಡೆ ನಮ್ಮ ಹೊಸದುರ್ಗದ ಹೆಸರಿನದೇ ಇನ್ನೊಂದು ಊರಿದೆ. ಅದು ಇಂಗ್ಲಿಷಿನಲ್ಲಿ ನಡುವಣ ಅಕಾರವನ್ನೂ ಕಡೆಯ ಅಕಾರವನ್ನೂ ಕಳೆದುಕೊಂಡು ‘ಹೊಸ್‌ದುರ್ಗ್’ ಎಂದೇ ನಿಂತಿದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಚಿತ್ರದುರ್ಗದ ರೈಲು ಹಿಡಿಯುವವರು ಫಲಕವನ್ನು ನೋಡಿದರೆ, ಕನ್ನಡದಲ್ಲಿ ಜೋಡಿ ಕಕಾರವೂ ಕೊನೆಯ ಉಕಾರವೂ ಇರುವಲ್ಲಿ ಇಂಗ್ಲಿಷಿನಲ್ಲಿ ‘ಚಿಕ್‌ಜಾಜೂರ್’ ಎಂದಿರುವುದನ್ನು ಕಾಣುವರು. ಹಿರಿಯೂರಿನ ಇಂಗ್ಲಿಷ್ ಬರೆಹದಲ್ಲಿ ಕೊನೆಯ ಉಕಾರವು ಇನ್ನೂ ಬಂದಿಲ್ಲ. ಅದನ್ನು 1807ರ ಬುಕಾನನನ ಪುಸ್ತಕದಲ್ಲಿ ನೋಡಬಹುದು.